ಹೃದಯ ಸ್ತಂಭನ

ಹೃದಯದ ವಿದ್ಯುತ್ ಲಯ ದಿಢೀರನೆ ಕೆಟ್ಟು, ಅದು ರಕ್ತವನ್ನು ತಳ್ಳುವುದನ್ನೇ ನಿಲ್ಲಿಸಿಬಿಡುವ ಸ್ಥಿತಿಯೇ ಹೃದಯ ಸ್ತಂಭನ. ಮನುಷ್ಯ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಿ ಕುಸಿಯುತ್ತಾನೆ. ಆಡುಮಾತಿನಲ್ಲಿ ಇದಕ್ಕೂ ಹೃದಯಾಘಾತಕ್ಕೂ 'ಹಾರ್ಟ್ ಅಟ್ಯಾಕ್' ಎಂಬ ಒಂದೇ ಹೆಸರಿರುವುದು ಗೊಂದಲದ ಮೂಲ. ಹೃದಯಾಘಾತವೆಂದರೆ ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ಆಗುವ ಪೆಟ್ಟು. ರೋಗಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ, ಎದೆನೋವೆಂದು ಹೇಳಬಲ್ಲ. ಅದು ಸ್ತಂಭನಕ್ಕೆ ತಿರುಗಲೂಬಹುದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಕರ್ನಾಟಕದ ಆಸ್ಪತ್ರೆಗಳಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ಪಕ್ಕದವರು ಕುಸಿದರೆ ಏನು ಮಾಡಬೇಕೆಂಬುದು ಮಾತ್ರ ಬೇರೆಯೇ ವಿದ್ಯೆ.

ಗುರುತಿಸುವಲ್ಲೇ ಹೆಚ್ಚು ಎಡವುವುದು. ಕುಸಿದವರ ಕೈಕಾಲು ಕೆಲವು ಕ್ಷಣ ಸೆಟೆದು ಅದುರಬಹುದು. ಫಿಟ್ಸ್ ಎಂದುಕೊಂಡು ಸುತ್ತಲಿನವರು ಅಂಗೈಗೆ ಬೀಗದ ಕೈ ಇಡುತ್ತಾರೆ, ಬಾಯಿಗೆ ನೀರು ಬಿಡುತ್ತಾರೆ. ದಡಕ್ಕೆ ಬಿದ್ದ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುವುದನ್ನು ಕಂಡು 'ಉಸಿರಾಡ್ತಿದ್ದಾರೆ, ಗಾಳಿ ಬಿಡಿ' ಎನ್ನುವವರೂ ಉಂಟು. ಅದು ಉಸಿರಾಟವಲ್ಲ, ಸ್ತಂಭನದ ಲಕ್ಷಣ. ಭುಜ ತಟ್ಟಿ ಕೂಗಿದರೂ ಓಗೊಡದೆ, ಸಹಜವಾಗಿ ಉಸಿರಾಡದೆ ಇದ್ದರೆ ನಾಡಿ ಹುಡುಕುತ್ತ ಕೂರಬಾರದು. 108ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರಿಗೆ ಹಾಕಿ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಬುಡ ಊರಿ, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಚದೆ ಒತ್ತಬೇಕು: ವಯಸ್ಕರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಬಾರಿ. ಒತ್ತಿದ ಎದೆ ಪ್ರತಿ ಸಲವೂ ಪೂರ್ತಿ ಮೇಲೇಳಬೇಕು. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸುವಂತಿಲ್ಲ. ತೋಳು ಬೇಗ ಸೋಲುವುದರಿಂದ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗುವುದು ಒಳ್ಳೆಯದು. ಬಾಯಿಗೆ ಬಾಯಿಟ್ಟು ಉಸಿರೂದಲು ಬಾರದವರು ಒತ್ತುತ್ತಿದ್ದರೂ ಸಾಕು. ಹೃದಯದ ಲಯ ಸರಿಪಡಿಸಲು ಶಾಕ್ ಕೊಡುವ, ವಿಮಾನ ನಿಲ್ದಾಣದಂಥ ಕಡೆ ಇರುವ ಎಇಡಿ ಯಂತ್ರ ತಾನೇ ಮಾತಾಡಿ ದಾರಿ ತೋರುತ್ತದೆ; ಬೇಡದ ಎದೆಗೆ ಅದು ಶಾಕ್ ಕೊಡುವುದಿಲ್ಲ.

2021ರ ಜೂನ್ 12ರಂದು ಕೋಪನ್‌ಹೇಗನ್‌ನ ಮೈದಾನದಲ್ಲಿ ಕುಸಿದ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸೆನ್ ಹೀಗೇ ಬದುಕಿದರು. ಅಲ್ಲಿ ವೈದ್ಯರು ಗೆರೆಯಾಚೆಯೇ ಇದ್ದರು. ಆದರೆ ಬಹುಪಾಲು ಸ್ತಂಭನಗಳು ಆಗುವುದು ಮನೆಯಲ್ಲಿ; ಅಲ್ಲಿ ಕೈ ಹಾಕಬೇಕಾದವರು ಜೊತೆಗಿದ್ದವರೇ. ಡೆನ್ಮಾರ್ಕ್ 2005ರಲ್ಲಿ ಶಾಲೆಗಳಿಗೂ 2006ರಲ್ಲಿ ಡ್ರೈವಿಂಗ್ ಲೈಸೆನ್ಸಿಗೂ ಹೀಗೆ ಎದೆ ಒತ್ತುವ ತರಬೇತಿಯನ್ನು ಕಡ್ಡಾಯ ಮಾಡಿತ್ತು. 2001ರಲ್ಲಿ ಆಸ್ಪತ್ರೆಯ ಹೊರಗೆ ಕುಸಿದವರಲ್ಲಿ ಶೇ. 21ರಷ್ಟು ಮಂದಿಗೆ ದಾರಿಹೋಕರೋ ಮನೆಯವರೋ ಎದೆ ಒತ್ತಿದ್ದರೆ, 2010ರ ಹೊತ್ತಿಗೆ ಅದು ಶೇ. 45ರ ಹತ್ತಿರ ಬಂತು; 30 ದಿನ ದಾಟಿ ಬದುಕಿದವರು ಶೇ. 3.5ರಿಂದ ಶೇ. 10.8ಕ್ಕೆ ಏರಿದರು.