ಅಕೊಂಕಾಗುವಾ ಹತ್ತೋ ಮುಂಚೆ ‘ಪುನಾ’ದ ಕಥೆ ಕೇಳಿ

ಎಂದಿನಂತೆ ಬಾಣಸವಾಡಿಯ ನನ್ನ ರೂಮಿನಿಂದಲೇ ಈ ಸಂಚಿಕೆ. ಮಧ್ಯೆ ರೈಲಿನ ಹಾರ್ನ್ ಕೇಳಿಸಿದ್ರೆ ಸ್ವಲ್ಪ ಸಹಿಸ್ಕೊಳ್ಳಿ.

ಕಾಲೇಜಲ್ಲಿ ಓದ್ತಿರೋ ಕೆಲವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕಳಿಸಿದ್ದೀರಿ. ಅರ್ಜೆಂಟೀನಾದಲ್ಲಿರೋ ಅಕೊಂಕಾಗುವಾ ಬಗ್ಗೆ. ಆಂಡೀಸ್ ಪರ್ವತ ಸಾಲಿನಲ್ಲೇ ಎತ್ತರದ ಶಿಖರ, 6,961 ಮೀಟರ್. ಏಷ್ಯಾ ಬಿಟ್ಟರೆ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ್ದು ಇಲ್ಲ. ಮಾಮೂಲಿ ದಾರಿಯಲ್ಲಿ ಹೋದ್ರೆ ಹಗ್ಗ ಹಿಡಿದು ಬಂಡೆ ಹತ್ತೋ ಕೆಲಸ ಹೆಚ್ಚೇನಿಲ್ಲ, ನಡೆದೇ ಹೋಗಬಹುದು. 2020ರ ಫೆಬ್ರವರಿಯಲ್ಲಿ ಮುಂಬೈನ 12 ವರ್ಷದ ವಿದ್ಯಾರ್ಥಿನಿಯೊಬ್ಬಳು ಹತ್ತಿ ಬಂದಳು. ‘ಅವಳಿಗೆ ಆಗೋದಾದ್ರೆ ನಮಗ್ಯಾಕೆ ಆಗಲ್ಲ? ಪ್ರತಿ ವಾರ ಟ್ರೆಕ್ ಮಾಡ್ತೀವಿ’ ಅನ್ನೋದು ನಿಮ್ಮ ವಾದ.

ಆಗಲ್ಲ ಅಂತ ನಾನು ಹೇಳಲ್ಲ. ಆದ್ರೆ ಆ ಹುಡುಗಿ ಅದಕ್ಕೂ ಮುಂಚೆಯೇ ಲಡಾಖ್‌ನಲ್ಲಿ 6,000 ಮೀಟರ್ ದಾಟಿದ ಶಿಖರ ಹತ್ತಿದ್ದಳು. ನಮ್ಮ ಲೆಕ್ಕ ನೋಡಿ. ಬೆಂಗಳೂರು ಸುಮಾರು 920 ಮೀಟರ್. ಕುಮಾರ ಪರ್ವತ 1,712. ಇಡೀ ಕರ್ನಾಟಕಕ್ಕೇ ಎತ್ತರದ ಮುಳ್ಳಯ್ಯನಗಿರಿ 1,930. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದೇ 2,500 ಮೀಟರ್ ಮೇಲೆ. ಅಂದ್ರೆ ನಮ್ಮ ರಾಜ್ಯದಲ್ಲಿ ಎಷ್ಟೇ ಬೆಟ್ಟ ಸುತ್ತಿದ್ರೂ, ನಮ್ಮ ಮೈ ಆ ಎತ್ತರಕ್ಕೆ ಹೇಗೆ ಸ್ಪಂದಿಸುತ್ತೆ ಅನ್ನೋದು ನಮಗೆ ಗೊತ್ತಾಗೋದೇ ಇಲ್ಲ. ಕಾಲಿನ ಕಸುವು ಬೇರೆ, ಇದು ಬೇರೆ.

ಅಕೊಂಕಾಗುವಾ ಇತಿಹಾಸದಲ್ಲೇ ಇದಕ್ಕೆ ಸಾಕ್ಷಿ ಇದೆ. 1897ರಲ್ಲಿ ಎಡ್ವರ್ಡ್ ಫಿಟ್ಜ್‌ಜೆರಾಲ್ಡ್ ಅನ್ನೋ ಶ್ರೀಮಂತ ಸಾಹೇಬರು ಯುರೋಪಿನಿಂದ ದೊಡ್ಡ ತಂಡ ಕಟ್ಟಿಕೊಂಡು ಹೋದರು. ದುಡ್ಡು ಅವರದು, ಯೋಜನೆ ಅವರದು. ಮತ್ತೆ ಮತ್ತೆ ಪ್ರಯತ್ನಪಟ್ಟರು. ಪ್ರತಿ ಸಲವೂ ವಾಂತಿ, ಸುಸ್ತು, ವಾಪಸ್. ಕೊನೆಗೆ ಜನವರಿ 14ರಂದು ಅವರ ಸ್ವಿಸ್ ಗೈಡ್ ಮಟಿಯಾಸ್ ಜುರ್ಬ್ರಿಗೆನ್ ಒಬ್ಬನೇ ತುದಿ ಮುಟ್ಟಿದ. ಸಾಹೇಬರಿಗೆ ಆ ತುದಿ ಕೊನೆವರೆಗೂ ಸಿಗಲಿಲ್ಲ. ಆಂಡೀಸ್ ಬಗ್ಗೆ ದಪ್ಪ ಪುಸ್ತಕ ಮಾತ್ರ ಬರೆದರು.

ಈ ವಾಂತಿ-ಸುಸ್ತಿಗೆ ಆಂಡೀಸ್ ಜನರ ಹತ್ತಿರ ಹಳೇ ಹೆಸರುಗಳಿವೆ. ಕೆಲವು ಕಡೆ ‘ಪುನಾ’, ಕೆಲವು ಕಡೆ ‘ಸೊರೊಚೆ’. ಹೋಸೆ ದೆ ಅಕೋಸ್ತಾ ಅನ್ನೋ ಸ್ಪೇನಿನ ಪಾದ್ರಿ ಪೆರುವಿನ ಎತ್ತರದ ಕಣಿವೆ ದಾಟುವಾಗ ಪ್ರಾಣ ಹೋಗೋ ಹಾಗೆ ವಾಂತಿ ಮಾಡ್ಕೊಂಡರು. ಅಲ್ಲಿನ ಗಾಳಿ ಮನುಷ್ಯರ ಉಸಿರಾಟಕ್ಕೆ ಸಾಲದಷ್ಟು ತೆಳು ಅಂತ 1590ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಬರೆದರು. ಆಮ್ಲಜನಕ ಅನ್ನೋದು ಇದೆ ಅಂತಲೇ ಜಗತ್ತಿಗೆ ಗೊತ್ತಿಲ್ಲದ ಕಾಲ ಅದು!

ಅಲ್ಲಿಂದ ಮುಂದೆ ಈ ಕಾಯಿಲೆಯನ್ನ ಹತ್ತಿರದಿಂದ ನೋಡಿದ್ದು ಪರ್ವತಾರೋಹಿಗಳಲ್ಲ, ಗಣಿ ಡಾಕ್ಟರುಗಳು. ಚಿಲಿಯ ಎತ್ತರದ ಗಣಿಗೆ ಜನ ಸಮುದ್ರ ಮಟ್ಟದಿಂದ ರೈಲು ಹತ್ತಿ ಎರಡೇ ದಿನದಲ್ಲಿ ಬರ್ತಿದ್ರು. ಅಲ್ಲಿದ್ದ ಥಾಮಸ್ ರೇವನ್‌ಹಿಲ್ ಅನ್ನೋ ವೈದ್ಯರು 1913ರಲ್ಲಿ ಬರೆದದ್ದೇನಂದ್ರೆ, ಎಲ್ಲ ಪುನಾನೂ ಒಂದೇ ಅಲ್ಲ. ಬಹಳ ಜನಕ್ಕೆ ತಲೆನೋವು ಬಂದು ಹೋಗುತ್ತೆ. ಕೆಲವರಿಗೆ ಎದೆ ಕಟ್ಟುತ್ತೆ, ಕೆಲವರಿಗೆ ತಲೆಗೇ ಏರುತ್ತೆ. ಈ ಎರಡು ಬಗೆ ಕೊಲ್ಲುತ್ತವೆ. ಪೆರುವಿನ ವೈದ್ಯ ಆಲ್ಬರ್ಟೋ ಹುರ್ಟಾಡೋ 1937ರಲ್ಲಿ, ಲಿಜಾರ್ರಾಗಾ 1955ರಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳೋದನ್ನ ವಿವರಿಸಿ ಬರೆದರು. ಬೆಟ್ಟದ ಮೇಲೇ ಬದುಕೋ ಜನ ಕೆಲ ದಿನ ಲಿಮಾಗೆ ಇಳಿದು ವಾಪಸ್ ಹೋದ್ರೆ ಅವರಿಗೂ ಇದು ಬರ್ತಿತ್ತು. ಆದ್ರೆ ಅವರು ಬರೆದದ್ದು ಸ್ಪ್ಯಾನಿಷ್‌ನಲ್ಲಿ. ಇಂಗ್ಲಿಷ್ ಓದೋ ಪ್ರಪಂಚ ಗಮನಿಸಲಿಲ್ಲ.

ಗಮನಿಸದೇ ಇದ್ದದ್ದಕ್ಕೆ ಬೆಲೆ ಏನು ಅಂತ ನನಗೆ ಅರ್ಥವಾಗಿದ್ದು ಮೇಜರ್ ನರೇಂದ್ರ ಧರ್ ಜಯಾಲ್ ಅವರ ಕಥೆ ಓದಿದ ಮೇಲೆ. ಡೆಹ್ರಾಡೂನ್‌ನ ಡೂನ್ ಸ್ಕೂಲಲ್ಲಿ ಜಾಕ್ ಗಿಬ್ಸನ್, ಹೋಲ್ಡ್ಸ್‌ವರ್ತ್ ಥರದ ಮೇಷ್ಟ್ರುಗಳು ಹುಡುಗರನ್ನ ಹಿಮಾಲಯಕ್ಕೆ ಕರ್ಕೊಂಡು ಹೋಗ್ತಿದ್ರು. ನಮ್ಮ ದೇಶದ ವಿದ್ಯಾರ್ಥಿ ಪರ್ವತಾರೋಹಣದ ಬೇರು ಅಲ್ಲೇ ಇದೆ ಅನ್ನಬಹುದು. ಆ ಹುಡುಗರಲ್ಲಿ ಜಯಾಲ್ ಒಬ್ಬರು. ತೇನ್‌ಸಿಂಗ್ ಎವರೆಸ್ಟ್ ಹತ್ತಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಮೌಂಟನೀಯರಿಂಗ್ ಇನ್‌ಸ್ಟಿಟ್ಯೂಟ್ ಶುರುವಾದಾಗ ಅದರ ಮೊದಲ ಪ್ರಿನ್ಸಿಪಾಲ್ ಆದರು. ಡೂನ್ ಸ್ಕೂಲ್ ಫೀಸು ಕಟ್ಟಲಾಗದ ಮನೆಯ ಮಕ್ಕಳೂ ಹತ್ತೋದು ಕಲಿಯಬಹುದು ಅಂತ ಬಾಗಿಲು ತೆಗೆದ ಸಂಸ್ಥೆ ಅದು.

1958ರಲ್ಲಿ ಭಾರತದ ತಂಡ ಚೋ ಓಯು ಶಿಖರಕ್ಕೆ ಹೊರಟಿತು. ಜಯಾಲ್ ತಡವಾಗಿ ಹೊರಟರು. ಮುಂದೆ ಹೋಗಿದ್ದ ತಂಡವನ್ನ ಹಿಡಿಯೋಕೆ ಬೇಗ ಬೇಗ ಹತ್ತಿದರು. ಶ್ವಾಸಕೋಶದಲ್ಲಿ ನೀರು ತುಂಬಿ ಅಲ್ಲೇ ತೀರಿಕೊಂಡರು. ವಯಸ್ಸು ಮೂವತ್ತರ ಆಸುಪಾಸು. ದೇಶಕ್ಕೇ ಹತ್ತೋದು ಕಲಿಸಿದ ಮನುಷ್ಯ, ಅವರಷ್ಟು ಗಟ್ಟಿಯಾದವರು ಆಗ ವಿರಳ. ಹೋದದ್ದು ಅವಸರಕ್ಕೆ.

ಎರಡು ವರ್ಷದ ನಂತರ, 1960ರಲ್ಲಿ, ಅಮೆರಿಕದ ವೈದ್ಯ ಚಾರ್ಲ್ಸ್ ಹ್ಯೂಸ್ಟನ್ ಈ ಕಾಯಿಲೆ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆದ ಮೇಲೆ ಎಲ್ಲರೂ ಎಚ್ಚೆತ್ತರು. ಅಷ್ಟರಲ್ಲಿ 1962ರ ಯುದ್ಧ ಬಂತು. ಬಯಲುಸೀಮೆಯ ಸೈನಿಕರನ್ನ ವಿಮಾನದಲ್ಲಿ ಕೂರಿಸಿ ನೇರವಾಗಿ ಲಡಾಖ್‌ಗೆ ಇಳಿಸಬೇಕಾಯ್ತು. ಗುಂಡು ತಾಗದೆ, ಬರೀ ಎತ್ತರಕ್ಕೆ ಹುಡುಗರು ಮಲಗಿಬಿಟ್ಟರು. 1965ರಲ್ಲಿ ನಮ್ಮ ಸೇನಾ ವೈದ್ಯರು ಬರೆದ ಅಧ್ಯಯನಗಳನ್ನ ಇವತ್ತಿಗೂ ಜಗತ್ತಿನ ಡಾಕ್ಟರುಗಳು ಉಲ್ಲೇಖಿಸ್ತಾರೆ.

ಅದೇ 1965ರಲ್ಲಿ ಉತ್ತರಕಾಶಿಯಲ್ಲಿ ನೆಹರೂ ಇನ್‌ಸ್ಟಿಟ್ಯೂಟ್ ಆಫ್ ಮೌಂಟನೀಯರಿಂಗ್ ಶುರುವಾಯ್ತು. ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರು ಬೇಸಿಕ್ ಕೋರ್ಸ್‌ಗೆ ಅಂತ ರಜೆ ಹಾಕಿ ಹೋಗೋ ಜಾಗ ಇದು. ಸುಮಾರು ಒಂದು ತಿಂಗಳ ಕೋರ್ಸು. ‘ಶಿಖರ ಹತ್ತಿಸೋಕೆ ತಿಂಗಳು ಯಾಕೆ?’ ಅಂತ ಕೇಳ್ತೀರಿ. ಅದರಲ್ಲಿ ಒಂದು ದೊಡ್ಡ ಪಾಲು ಮೈ ಒಗ್ಗಿಸೋದೇ.

ಕಲಿತರೆ ಅಪಾಯವೇ ಇಲ್ಲ ಅಂತ ಮಾತ್ರ ಅಂದ್ಕೋಬೇಡಿ. 2022ರ ಅಕ್ಟೋಬರ್ 4ರಂದು ಅದೇ ಸಂಸ್ಥೆಯ ಅಡ್ವಾನ್ಸ್ ಕೋರ್ಸ್ ತಂಡ ದ್ರೌಪದಿ ಕಾ ಡಾಂಡಾ-2ರಲ್ಲಿದ್ದಾಗ ಹಿಮ ಕುಸಿದು 29 ಜನ ಸತ್ತರು. ಬೆಂಗಳೂರಿನಿಂದ ಹೋಗಿದ್ದ ಇಬ್ಬರು ಯುವಕರೂ ಅವರಲ್ಲಿದ್ದರು. ಆ ವರ್ಷದ ಮೇ ತಿಂಗಳಲ್ಲಷ್ಟೇ ಎವರೆಸ್ಟ್, ಮಕಾಲು ಎರಡನ್ನೂ ಹತ್ತಿದ್ದ ಬೋಧಕಿ ಸವಿತಾ ಕಂಸ್ವಾಲ್ ಕೂಡ ಉಳಿಯಲಿಲ್ಲ. ಅಲ್ಲಿ ಪುನಾ ಕಾರಣ ಅಲ್ಲ. ಹಿಮಕುಸಿತ ಯಾರ ಅನುಭವವನ್ನೂ ಕೇಳಲ್ಲ. ಪುನಾ ಹಾಗಲ್ಲ. ಅದು ಮುಂಚೆಯೇ ಹೇಳಿ ಬರುತ್ತೆ: ತಲೆನೋವು, ವಾಕರಿಕೆ, ನಿದ್ದೆ ಬಾರದಿರೋದು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಕುಡಿದವರ ಹಾಗೆ ತೂರಾಡೋದು ಕಂಡ್ರೆ ಆ ಕ್ಷಣವೇ ಕೆಳಗಿಳಿಸಬೇಕು, ರಾತ್ರಿಯಾಗಿದ್ರೂ ಸರಿ.

ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಆದ್ರೆ ಲೆಕ್ಕ ಬರುತ್ತೆ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗೋ ಜಾಗ 500 ಮೀಟರ್‌ಗಿಂತ ಹೆಚ್ಚು ಮೇಲಿರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಅನ್ನೋದು ವೈದ್ಯರು ಒಪ್ಪಿರೋ ಸೂತ್ರ. ಈಗ ಬೆಳಿಗ್ಗೆ ಕೆಂಪೇಗೌಡ ಏರ್‌ಪೋರ್ಟ್‌ನಲ್ಲಿ ಇಡ್ಲಿ ತಿಂದು, ದೆಹಲಿಯಲ್ಲಿ ವಿಮಾನ ಬದಲಿಸಿ, ಸುಮಾರು 3,500 ಮೀಟರ್ ಎತ್ತರದ ಲೇಹ್‌ಗೆ ಇಳಿಯೋ ನಮ್ಮ ಪ್ಲಾನನ್ನ ಇದರ ಪಕ್ಕ ಇಟ್ಟು ನೋಡಿ. 1913ರ ಗಣಿ ರೈಲಿಗಿಂತ ನಾವೇ ಜೋರು.

ಅಕೊಂಕಾಗುವಾ ಇರಲಿ, ಲಡಾಖ್ ಇರಲಿ, ದುಡ್ಡು ಕಟ್ಟೋ ಮುಂಚೆ ಟೂರ್ ನಡೆಸೋರಿಗೆ ಎರಡು ಪ್ರಶ್ನೆ ಕೇಳಿ. ಯಾವ ಎತ್ತರದಲ್ಲಿ ಎಷ್ಟು ರಾತ್ರಿ ಮಲಗಿಸ್ತೀರಿ? ಒಬ್ಬರಿಗೆ ಹುಷಾರು ತಪ್ಪಿದ್ರೆ ಅವರ ಜೊತೆ ಕೆಳಗಿಳಿಯೋದು ಯಾರು? ಉತ್ತರವನ್ನ ವಾಟ್ಸಾಪ್‌ನಲ್ಲಿ ಬರೆಸಿಕೊಂಡು, ಮನೆಯವರಿಗೂ ಒಂದು ಫಾರ್ವರ್ಡ್ ಮಾಡಿ.