ಲೇಖನಿಯ ಬೆಲೆ ಇಳಿಸುವವರು ಯಾರು?



ಶಾಲೆ-ಕಾಲೇಜುಗಳು ಆರಂಭವಾಗುವ ಜೂನ್ ತಿಂಗಳಲ್ಲಿ ಬೆಳಗಾವಿಯ ಖಡೇಬಜಾರಿನಲ್ಲೋ ಗಣಪತ ಗಲ್ಲಿಯಲ್ಲೋ ಒಮ್ಮೆ ನಡೆದು ನೋಡಿ. ಖಾನಾಪುರ, ನಂದಗಡ, ಲೋಂಡಾ ಕಡೆಯಿಂದ ಬಸ್ಸು, ರೈಲು ಹಿಡಿದು ಬಂದ ತಂದೆ-ತಾಯಿಗಳು ಮಕ್ಕಳಿಗಾಗಿ ನೋಟ್‌ಬುಕ್ಕು, ಕಂಪಾಸ್ ಪೆಟ್ಟಿಗೆ, ಪೆನ್ನು ಕೊಳ್ಳುತ್ತಿರುತ್ತಾರೆ. "ಡಜನ್ ತಗೊಂಡ್ರ ಎಷ್ಟಕ್ಕ ಕೊಡ್ತೀರಿ?" ಎಂಬ ಮಾತು ಪ್ರತಿ ಅಂಗಡಿಯ ಮುಂದೆಯೂ ಕೇಳುತ್ತದೆ. ಅಂಗಡಿಯವರು ಮೊದಲು ಆಗುವುದಿಲ್ಲ ಎನ್ನುತ್ತಾರೆ. ಕಡೆಗೆ ಒಂದೆರಡು ರೂಪಾಯಿ ಬಿಡುತ್ತಾರೆ. ಇದು ನಮ್ಮೆಲ್ಲರಿಗೂ ಪರಿಚಿತವಾದ ಚೌಕಾಶಿ.

ಈಗ ಬೆಂಗಳೂರಿನಂಥ ಮಹಾನಗರದ ಇನ್ನೊಂದು ಅಂಗಡಿಯನ್ನು ಊಹಿಸಿಕೊಳ್ಳಿ. ಅದು ಒಂದೇ ಕಂಪನಿಯ ಹೆಸರು ಹೊತ್ತ ಮಳಿಗೆ. ಗಾಜಿನ ಕಪಾಟಿನೊಳಗೆ ಮಖಮಲ್ಲಿನ ಮೇಲೆ ಪೆನ್ನುಗಳನ್ನು ಇಟ್ಟಿದ್ದಾರೆ. ಒಂದೊಂದರ ಬೆಲೆ ಹತ್ತಾರು ಸಾವಿರ ರೂಪಾಯಿ. ಅಲ್ಲಿ "ಸ್ವಲ್ಪ ಕಡಿಮೆ ಮಾಡಿಕೊಡಿ" ಎಂದು ಕೇಳಿದರೆ ಏನಾಗುತ್ತದೆ? ಸಾಮಾನ್ಯವಾಗಿ ಬಹಳ ವಿನಯದಿಂದ "ಇಲ್ಲ" ಎಂಬ ಉತ್ತರ ಬರುತ್ತದೆ. ಹೆಚ್ಚೆಂದರೆ ಪೆನ್ನಿನ ಮೇಲೆ ನಿಮ್ಮ ಹೆಸರು ಕೆತ್ತಿಸಿಕೊಟ್ಟಾರು, ಜೊತೆಗೊಂದು ಶಾಯಿ ಬಾಟಲಿ ಕೊಟ್ಟಾರು.

ಹತ್ತು ರೂಪಾಯಿಯ ಪೆನ್ನಿನಲ್ಲಿ ರಿಯಾಯಿತಿ ಸಿಗುತ್ತದೆ, ಐವತ್ತು ಸಾವಿರದ ಪೆನ್ನಿನಲ್ಲಿ ಸಿಗುವುದಿಲ್ಲ. ಇದೇಕೆ ಹೀಗೆ? ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಆ ಇತಿಹಾಸದ ಒಂದು ಮುಖ್ಯ ಪುಟ ಬೆಳಗಾವಿಯಲ್ಲೇ ಇದೆ.

ಲೇಖನಿಗೆ ಬೆಲೆಯಿಲ್ಲದ ಕಾಲ

ಖಾನಾಪುರ ತಾಲ್ಲೂಕಿನ ಹಲಸಿ ಗ್ರಾಮವನ್ನು ನೀವು ನೋಡಿರಬಹುದು. ಕದಂಬರ ಕಾಲದಲ್ಲಿ ಇದಕ್ಕೆ ಪಲಾಶಿಕಾ ಎಂಬ ಹೆಸರಿತ್ತು. ಬನವಾಸಿಯ ನಂತರ ಅವರ ಎರಡನೆಯ ರಾಜಧಾನಿ ಇದೇ. ಇಲ್ಲಿ ದೊರೆತ ತಾಮ್ರಪಟಗಳಲ್ಲಿ ಒಂದು ಐದನೆಯ ಶತಮಾನದ ಕಾಕುಸ್ಥವರ್ಮನದು. ಶ್ರುತಕೀರ್ತಿ ಎಂಬ ಸೇನಾಪತಿಗೆ ಹೊಲವೊಂದನ್ನು ದಾನ ಕೊಟ್ಟ ಸಂಗತಿ ಅದರಲ್ಲಿದೆ. ಅಂದು ಆ ತಗಡಿನ ಮೇಲೆ ಅಕ್ಷರ ಮೂಡಿಸಿದ್ದು ಲೋಹದ ಮೊನೆ. ಅದನ್ನು ಕೊಂಡವರೂ ಇಲ್ಲ, ಮಾರಿದವರೂ ಇಲ್ಲ. ಅದು ಕೆಲಸಗಾರನ ಸ್ವಂತ ಉಪಕರಣವಾಗಿತ್ತು.

ಮುಂದೆಯೂ ಬಹುಕಾಲ ಹೀಗೆಯೇ ನಡೆಯಿತು. ಓಲೆಗರಿಗೆ ಕಂಠ, ವ್ಯಾಪಾರಿಗಳ ಕಪ್ಪು ಬಟ್ಟೆಯ ಕಡತಕ್ಕೆ ಬಳಪ, ಕಾಗದಕ್ಕೆ ಜೊಂಡಿನ ಲೆಕ್ಕಣಿಕೆ. ಬೆಳಗಾವಿ ಸೀಮೆಯಲ್ಲಿ ಜೊಂಡಿನ ಲೇಖನಿಗೆ ಬೋರು ಎಂಬ ಮರಾಠಿ ಹೆಸರೂ ರೂಢಿಯಲ್ಲಿತ್ತು; ಕಾರಕೂನರು ಮೋಡಿ ಅಕ್ಷರದ ಕಾಗದಪತ್ರಗಳನ್ನು ಬರೆದದ್ದು ಇದರಿಂದಲೇ. ಜೊಂಡನ್ನು ಕತ್ತರಿಸಿ, ತುದಿಯನ್ನು ಓರೆಯಾಗಿ ಕೆತ್ತಿ, ನಡುವೆ ಸೀಳಿದರೆ ಲೇಖನಿ ಸಿದ್ಧ. ದೌತಿಯಲ್ಲಿ ಅದ್ದಿ ಬರೆಯುವುದಷ್ಟೇ. ಬೆಲೆ ಇದ್ದದ್ದು ಬರೆಯುವವನ ವಿದ್ಯೆಗೆ, ಲೇಖನಿಗಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕಾರ್ಖಾನೆಗಳು ಉಕ್ಕಿನ ನಿಬ್ಬುಗಳನ್ನು ರಾಶಿ ರಾಶಿಯಾಗಿ ತಯಾರಿಸತೊಡಗಿದವು. 1884ರಲ್ಲಿ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ಅವರು ಶಾಯಿಯನ್ನು ತನ್ನೊಳಗೇ ಇಟ್ಟುಕೊಂಡು ಹದವಾಗಿ ಹರಿಸುವ ಪೆನ್ನಿಗೆ ಪೇಟೆಂಟ್ ಪಡೆದರು. ಚಿನ್ನದ ನಿಬ್ಬನ್ನು ಶಾಯಿ ತಿನ್ನುವುದಿಲ್ಲ. ಅದರ ತುದಿಯ ಕಠಿಣ ಲೋಹ ಬೇಗ ಸವೆಯುವುದಿಲ್ಲ. ಹೀಗೆ ಪೆನ್ನು ಒಂದು ಸೂಕ್ಷ್ಮ ಯಂತ್ರವಾಯಿತು, ಕಂಪನಿಯ ಹೆಸರು ಪಡೆಯಿತು. ಹೆಸರಿನ ಜೊತೆಗೆ ಬೆಲೆಯೂ ಬಂದಿತು.

ಒಂದೇ ದರದ ಹುಟ್ಟು

ಇಲ್ಲಿ ಸ್ವಲ್ಪ ನಿಲ್ಲೋಣ. ಅಂಗಡಿಯಲ್ಲಿ ‘ಒಂದೇ ದರ’ ಎಂಬ ಫಲಕವನ್ನು ಕಂಡಾಗ ನಮಗೆ ಅದು ವ್ಯಾಪಾರಿಯ ಬಿಗುಮಾನದಂತೆ ತೋರುತ್ತದೆ. ಆದರೆ ಆ ಪದ್ಧತಿ ಹುಟ್ಟಿದ್ದು ನ್ಯಾಯದ ವಿಚಾರದಿಂದ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದವರು, ಹೆಚ್ಚು ಹೇಳಿ ಕಡಿಮೆಗೆ ಕೊಡುವುದು ಸುಳ್ಳಾಡಿದಂತೆ ಎಂದು ನಂಬಿದ್ದರು. ಚಿಕ್ಕ ಮಗುವನ್ನು ಅಂಗಡಿಗೆ ಕಳಿಸಿದರೂ ದೊಡ್ಡವರಿಗೆ ಸಿಗುವ ಬೆಲೆಯೇ ಸಿಗಬೇಕು ಎಂಬುದು ಅವರ ವಾದ. 1852ರಿಂದ ಪ್ಯಾರಿಸ್ಸಿನ ಬಾನ್ ಮಾರ್ಷೆ ಅಂಗಡಿಯನ್ನು ಬೆಳೆಸಿದ ಅರಿಸ್ಟೀಡ್ ಬೂಸಿಕೊ ಅವರು ಪ್ರತಿ ವಸ್ತುವಿನ ಮೇಲೂ ಬೆಲೆಯ ಚೀಟಿ ಅಂಟಿಸುವ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದರು.

ಇದರ ಅರ್ಥವನ್ನು ಯೋಚಿಸಿ. ಚೌಕಾಶಿಯಲ್ಲಿ ಗೆಲ್ಲುವವರು ಮಾತು ಬಲ್ಲವರು, ಪೇಟೆ ಬಲ್ಲವರು. ಮೊದಲ ಸಲ ಕಣಕುಂಬಿಯಿಂದ ಬೆಳಗಾವಿ ಪೇಟೆಗೆ ಬಂದ ಹುಡುಗನೊಬ್ಬ ಅಂಗಡಿಯವರ ಮುಂದೆ ಸಂಕೋಚಪಟ್ಟು ಕೇಳಿದಷ್ಟು ಕೊಟ್ಟು ಹೋಗುತ್ತಾನೆ. ಬರೆದಿಟ್ಟ ಬೆಲೆ ಅಂಥವನಿಗೆ ರಕ್ಷಣೆ.

1924: ಎರಡು ಘಟನೆಗಳು

ಈಗ ಬೆಳಗಾವಿಯ ಪುಟಕ್ಕೆ ಬರೋಣ. 1924ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಮಾಂಟ್‌ಬ್ಲಾಂಕ್ ಕಂಪನಿ ‘ಮೈಸ್ಟರ್‌ಸ್ಟುಕ್’ ಎಂಬ ಪೆನ್ನನ್ನು ಮಾರುಕಟ್ಟೆಗೆ ತಂದಿತು. ಆ ಮಾತಿಗೆ ‘ಉತ್ಕೃಷ್ಟ ಕೃತಿ’ ಎಂದು ಅರ್ಥ. ಕೆಲವು ವರ್ಷಗಳ ನಂತರ ಅದರ ನಿಬ್ಬಿನ ಮೇಲೆ 4810 ಎಂಬ ಅಂಕಿ ಬಂದಿತು. ಅದು ಆಲ್ಪ್ಸ್ ಪರ್ವತದ ಮಾಂಟ್‌ಬ್ಲಾಂಕ್ ಶಿಖರದ ಎತ್ತರ, ಮೀಟರುಗಳಲ್ಲಿ. ಶ್ರೀಮಂತರ ಪೆನ್ನು ಎಂದರೆ ಇಂದಿಗೂ ಅನೇಕರು ಮೊದಲು ನೆನೆಯುವುದು ಇದನ್ನೇ.

ಅದೇ 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯ ಟಿಳಕವಾಡಿಯಲ್ಲಿ ಕಾಂಗ್ರೆಸ್ಸಿನ 39ನೆಯ ಅಧಿವೇಶನ ಸೇರಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆ ಅವರ ಮುಂದಾಳುತನ, ಡಾ. ನಾ.ಸು. ಹರ್ಡೀಕರರ ಸ್ವಯಂಸೇವಕ ದಳ, ನೀರಿಗಾಗಿ ತೋಡಿದ ಪಂಪಾ ಸರೋವರ ಎಂಬ ಬಾವಿ, ಇವೆಲ್ಲ ನಿಮ್ಮ ಪಠ್ಯದಲ್ಲಿರಬಹುದು. ನಮ್ಮ ವಿಷಯಕ್ಕೆ ಬೇಕಾದ ಎರಡು ಸಂಗತಿಗಳನ್ನಷ್ಟೇ ಗಮನಿಸಿ.

ಮೊದಲನೆಯದು: ಪ್ರತಿನಿಧಿಗಳು ಕೊಡಬೇಕಾದ ಶುಲ್ಕವನ್ನು 10 ರೂಪಾಯಿಯಿಂದ 1 ರೂಪಾಯಿಗೆ ಇಳಿಸಲಾಯಿತು. ಇಂದಿನ ಜಾಹೀರಾತಿನ ಭಾಷೆಯಲ್ಲಿ ಹೇಳುವುದಾದರೆ ಶೇಕಡಾ 90ರಷ್ಟು ರಿಯಾಯಿತಿ! ಎರಡನೆಯದು: ಸದಸ್ಯತ್ವಕ್ಕೆ ಹಣದ ಬದಲು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮ ಬಂದಿತು. ತಾನೇ ನೂತದ್ದಾಗಿರಬೇಕು, ಆಗದವರು ಬೇರೆಯವರಿಂದ ನೂಲಿಸಿ ಕೊಡಬಹುದಿತ್ತು. ಮರುವರ್ಷವೇ ಈ ನಿಯಮ ಸಡಿಲವಾಯಿತು, ನಿಜ. ಆದರೂ ಉದ್ದೇಶ ಸ್ಪಷ್ಟವಾಗಿತ್ತು. ಹಣವಿಲ್ಲದವರು ಹೊರಗುಳಿಯಬಾರದು, ಒಳಗೆ ಬಂದವರು ದುಡಿಮೆಯ ಬೆಲೆಯನ್ನು ಮರೆಯಬಾರದು.

ಒಂದೇ ವರ್ಷದಲ್ಲಿ ಬೆಲೆಯ ಬಗೆಗಿನ ಎರಡು ವಿಚಾರಗಳು ಹೀಗೆ ರೂಪು ತಳೆದವು. ಹ್ಯಾಂಬರ್ಗಿನ ಪೆನ್ನು ಕೆಲವರನ್ನು ಬೇರೆಯಾಗಿ ತೋರಿಸುವ ದಾರಿ ಹಿಡಿಯಿತು. ಬೆಳಗಾವಿಯ ಶುಲ್ಕ ಎಲ್ಲರನ್ನೂ ಒಳಗೆ ಕರೆಯಿತು.

ಸ್ವದೇಶಿಯ ಗಾಳಿ ಪೆನ್ನಿಗೂ ತಟ್ಟದೆ ಬಿಡಲಿಲ್ಲ. ಆಂಧ್ರದ ರಾಜಮಹೇಂದ್ರಿಯಲ್ಲಿ ಕೆ.ವಿ. ರತ್ನಂ ಅವರು ದೇಶೀ ಪೆನ್ನು ತಯಾರಿಸಿ ಗಾಂಧೀಜಿಗೆ ಕಳುಹಿಸಿದರು. 1935ರಲ್ಲಿ ಗಾಂಧೀಜಿ ಪತ್ರ ಬರೆದು ಅದನ್ನು ಮೆಚ್ಚಿಕೊಂಡರು. 1931ರಲ್ಲಿ ಮುಂಬಯಿಯ ದಾಂಡೇಕರ ಕುಟುಂಬ ಆರಂಭಿಸಿದ ಶಾಯಿಯ ಉದ್ಯಮವೇ ಮುಂದೆ ಕ್ಯಾಮ್ಲಿನ್ ಎಂಬ ಹೆಸರಿನಿಂದ ಪ್ರತಿ ಶಾಲೆಯ ಮಕ್ಕಳ ಕೈ ಸೇರಿತು.

ರಿಯಾಯಿತಿಗೆ ಹೆದರುವ ಅಂಗಡಿ

ದುಬಾರಿ ಅಂಗಡಿ ಬೆಲೆ ಇಳಿಸುವುದಿಲ್ಲವೇಕೆ? ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲನ್ 1899ರಲ್ಲೇ ಇದನ್ನು ವಿವರಿಸಿದ್ದರು. ಕೆಲವು ವಸ್ತುಗಳನ್ನು ಜನ ಕೊಳ್ಳುವುದು ಉಪಯೋಗಕ್ಕಿಂತ ಹೆಚ್ಚಾಗಿ ತಮ್ಮ ಅಂತಸ್ತನ್ನು ತೋರಿಸಲು. ಅಂಥ ವಸ್ತುವಿನ ಬೆಲೆ ಇಳಿದರೆ ಅದರ ಆಕರ್ಷಣೆಯೂ ಇಳಿಯುತ್ತದೆ. ಎಲ್ಲರ ಜೇಬಿನಲ್ಲೂ ಕಾಣುವ ಪೆನ್ನನ್ನು ಅಂತಸ್ತಿಗಾಗಿ ಯಾರು ಕೊಂಡಾರು?

ಈ ಹೆದರಿಕೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಬ್ರಿಟನ್ನಿನ ಉಡುಪಿನ ಕಂಪನಿ ಬರ್ಬೆರಿ, 2017-18ರ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾರಾಟವಾಗದ ಸರಕನ್ನು ನಾಶಪಡಿಸಿತು. ಸುದ್ದಿ ಹೊರಬಿದ್ದು ಜನ ಆಕ್ಷೇಪಿಸಿದ ಮೇಲೆ, 2018ರ ಸೆಪ್ಟೆಂಬರಿನಲ್ಲಿ ಆ ಪದ್ಧತಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಕಡಿಮೆ ಬೆಲೆಗೆ ಮಾರುವುದಕ್ಕಿಂತ ಸುಟ್ಟುಹಾಕುವುದೇ ಮೇಲು ಎಂಬ ಲೆಕ್ಕಾಚಾರವದು! ಮಗುವಿಗೂ ದೊಡ್ಡವರಿಗೂ ಒಂದೇ ಬೆಲೆ ಎಂದು ಹುಟ್ಟಿದ ಪದ್ಧತಿ, ಬಹುಜನರನ್ನು ಬಾಗಿಲ ಹೊರಗೆ ನಿಲ್ಲಿಸುವ ಸಾಧನವಾಗಿ ಬದಲಾದುದನ್ನು ಇಲ್ಲಿ ಕಾಣುತ್ತೇವೆ.

ಹಲವು ಕಂಪನಿಗಳ ಪೆನ್ನುಗಳನ್ನು ಮಾರುವ ವ್ಯಾಪಾರಿಗಳ ಮಾತು ಬೇರೆ. ಅವರಲ್ಲಿ ಹಬ್ಬದ ದಿನಗಳಲ್ಲಿ, ಹಳೆಯ ಮಾದರಿಗಳ ಮೇಲೆ ಒಮ್ಮೊಮ್ಮೆ ರಿಯಾಯಿತಿ ಇರುವುದುಂಟು. 2002ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಲಿಯಂ ಪೆನ್ ಸಂಸ್ಥೆ ಇಂಥ ಅಂಗಡಿಗಳಿಂದಲೇ ಬೆಳೆದದ್ದು. 2022ರಲ್ಲಿ ಅದು ಅಮೆರಿಕದ ಹಳೆಯ ಶೀಫರ್ ಪೆನ್ನಿನ ಒಡೆತನವನ್ನೇ ಕೊಂಡುಕೊಂಡಿತು. ಪರದೇಶದ ಪೆನ್ನು ಮಾರುತ್ತಿದ್ದವರು ಅದರ ಬೆಲೆ ಕಟ್ಟುವವರೂ ಆದರು.

ಕಾನೂನು ಹೇಳುವುದೇನು?

ನೀವು ಕೊಳ್ಳುವ ಪೊಟ್ಟಣದ ಮೇಲೆ ಗರಿಷ್ಠ ಚಿಲ್ಲರೆ ಬೆಲೆ ಮುದ್ರಿತವಾಗಿರುತ್ತದೆ. 1977ರ ಪೊಟ್ಟಣ ಸರಕುಗಳ ನಿಯಮಗಳಿಗೆ 1990ರಲ್ಲಿ ಆದ ತಿದ್ದುಪಡಿಯಿಂದ ಎಲ್ಲ ತೆರಿಗೆ ಸೇರಿದ ಈ ಬೆಲೆ ರೂಢಿಗೆ ಬಂದಿತು. ಇಂದು 2009ರ ಕಾನೂನು ಮಾಪನ ಕಾಯ್ದೆ ಮತ್ತು 2011ರ ನಿಯಮಗಳು ಜಾರಿಯಲ್ಲಿವೆ. ‘ಗರಿಷ್ಠ’ ಎಂಬ ಮಾತನ್ನು ಗಮನಿಸಿ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕಡಿಮೆಗೆ ಕೊಡಲು ಅಡ್ಡಿಯಿಲ್ಲ. ಕಡಿಮೆಗೆ ಕೊಡಲೇಬೇಕೆಂಬ ಕಡ್ಡಾಯವೂ ಇಲ್ಲ.

ಕಂಪನಿ ತನ್ನದೇ ಮಳಿಗೆಯಲ್ಲಿ ತನ್ನ ಪೆನ್ನಿಗೆ ಬೆಲೆ ಇಳಿಸದಿದ್ದರೆ ಅದು ಅದರ ಇಚ್ಛೆ. ಆದರೆ ತನ್ನಿಂದ ಸರಕು ಕೊಂಡ ಸ್ವತಂತ್ರ ವ್ಯಾಪಾರಿಗೆ "ನೀನು ಕಡಿಮೆಗೆ ಮಾರಕೂಡದು" ಎಂದು ಕಟ್ಟು ಹಾಕಿದರೆ, ಅದರಿಂದ ಪೈಪೋಟಿಗೆ ಧಕ್ಕೆಯಾದಲ್ಲಿ, 2002ರ ಸ್ಪರ್ಧಾ ಕಾಯ್ದೆ ಅಡ್ಡ ಬರುತ್ತದೆ. 2021ರಲ್ಲಿ ಭಾರತ ಸ್ಪರ್ಧಾ ಆಯೋಗವು ವ್ಯಾಪಾರಿಗಳ ರಿಯಾಯಿತಿಗೆ ಮಿತಿ ಹಾಕಿದ ಕಾರಣಕ್ಕಾಗಿ ಮಾರುತಿ ಸುಜುಕಿ ಕಂಪನಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತು; ಕಂಪನಿ ಮೇಲ್ಮನವಿ ಸಲ್ಲಿಸಿತು. ಅದು ಕಾರಿನ ಮೊಕದ್ದಮೆ, ಆದರೆ ತತ್ವ ಪೆನ್ನಿಗೂ ಅದೇ.

ಗಾಂಧೀಜಿಯ ಹೆಸರಿನ ಪೆನ್ನು

1924ರ ಆ ಎರಡು ಎಳೆಗಳು 85 ವರ್ಷಗಳ ನಂತರ ಒಂದೆಡೆ ಸೇರಿದವು. 2009ರಲ್ಲಿ ಮಾಂಟ್‌ಬ್ಲಾಂಕ್ ಕಂಪನಿ ಮಹಾತ್ಮಾ ಗಾಂಧಿಯವರ ಹೆಸರಿನಲ್ಲಿ ಚಿನ್ನದ ಪೆನ್ನೊಂದನ್ನು ತಂದಿತು. ದಂಡಿ ಯಾತ್ರೆಯ 241 ಮೈಲಿಗಳ ನೆನಪಿಗೆ 241 ಪೆನ್ನುಗಳು. ಕದಿರಿನ ನೂಲನ್ನು ಸೂಚಿಸಲು ಸುತ್ತಿದ ಚಿನ್ನದ ಎಳೆ. ನಿಬ್ಬಿನ ಮೇಲೆ ಕೋಲು ಹಿಡಿದು ನಡೆಯುವ ಗಾಂಧೀಜಿ. ಬೆಲೆ 11 ಲಕ್ಷ ರೂಪಾಯಿಗೂ ಹೆಚ್ಚು. ರಾಷ್ಟ್ರನಾಯಕರ ಹೆಸರನ್ನು ವ್ಯಾಪಾರಕ್ಕೆ ಬಳಸುವುದನ್ನು ನಿರ್ಬಂಧಿಸುವ 1950ರ ಕಾಯ್ದೆಯ ಆಧಾರದ ಮೇಲೆ ಕೇರಳ ಹೈಕೋರ್ಟಿನಲ್ಲಿ ದೂರು ದಾಖಲಾಯಿತು. 2010ರಲ್ಲಿ ಕಂಪನಿ ಭಾರತದಲ್ಲಿ ಅದರ ಮಾರಾಟವನ್ನು ನಿಲ್ಲಿಸಿತು.

ಇದರ ಪಕ್ಕದಲ್ಲಿ ಇನ್ನೊಂದು ಚಿತ್ರವಿಟ್ಟು ನೋಡಿ. ಗಾಂಧಿ ಜಯಂತಿ ಬಂದಾಗ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಮಾರಾಟ ನಡೆಯುವುದನ್ನು ನೀವು ಕಂಡಿದ್ದೀರಿ. ಬಹುಕಾಲ ಆ ರಿಯಾಯಿತಿಯ ಹಣವನ್ನು ತುಂಬಿಕೊಟ್ಟದ್ದು ಸರ್ಕಾರ. ನೂಲುವವರ ಕೂಲಿ ಕಡಿಯದೆ ಕೊಳ್ಳುವವರ ಭಾರ ಇಳಿಸುವ ಉಪಾಯ ಅದು. ಯಾವ ರಿಯಾಯಿತಿಯೂ ಪುಕ್ಕಟೆಯಲ್ಲ; ಯಾರೋ ಒಬ್ಬರು ಅದನ್ನು ಹೊರುತ್ತಾರೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಖಾನಾಪುರಕ್ಕೆ ಹೋಗಿ. ಅಲ್ಲಿಯ ಮಣ್ಣು ಕುಂಬಾರಿಕೆಗೆ ಹೆಸರಾದುದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿದೆ. ಸಂತೆಯಲ್ಲಿ ಮಡಕೆ ಮಾರುವವರ ಹತ್ತಿರ ನಾವು ಐದು ರೂಪಾಯಿಗಾಗಿ ಐದು ನಿಮಿಷ ಚೌಕಾಶಿ ಮಾಡುತ್ತೇವೆ. ಆ ಐದು ರೂಪಾಯಿ ಹೋಗುವುದು ಅವರ ಕೂಲಿಯಿಂದ. ಗಾಜಿನ ಕಪಾಟಿನ ಮುಂದೆ ನಿಂತಾಗ ಮಾತ್ರ ನಮ್ಮ ನಾಲಿಗೆ ಏಳುವುದಿಲ್ಲ. ಬಿಡಬಲ್ಲವರನ್ನು ಕೇಳದೆ, ಬಿಡಲಾಗದವರನ್ನು ಕಾಡುವುದು ಸರಿಯೇ?

ಒಳ್ಳೆಯ ಪೆನ್ನನ್ನು ಬಯಸುವುದು ತಪ್ಪಲ್ಲ. ದುಡಿದು ಕೊಂಡ ಒಳ್ಳೆಯ ಪೆನ್ನು ದಶಕಗಳ ಕಾಲ ಜೊತೆಗಿರುತ್ತದೆ. ಮುಂದೆ ಎಂದಾದರೂ ಅಂಥ ಅಂಗಡಿಯ ಮೆಟ್ಟಿಲು ಹತ್ತಿದರೆ ಸಂಕೋಚಪಡದೆ ಬೆಲೆ ಕೇಳಿ, ರಿಯಾಯಿತಿಯನ್ನೂ ಕೇಳಿ. ಕೇಳುವುದು ಗ್ರಾಹಕರ ಹಕ್ಕು. ಜೊತೆಗೆ ಈ ಬೆಲೆ ಕಟ್ಟಿದವರು ಯಾರು, ಇಳಿಸಿದರೆ ಹೊರುವವರು ಯಾರು ಎಂಬುದನ್ನೂ ನಿಮ್ಮಷ್ಟಕ್ಕೆ ಕೇಳಿಕೊಳ್ಳಿ.

ನೀವೇ ಮಾಡಿ ನೋಡಿ

1. ನಿಮ್ಮ ಮನೆಯ ಹಿರಿಯರು ಮೊದಲು ಬರೆದದ್ದು ಯಾವುದರಿಂದ? ಅದಕ್ಕೆ ಎಷ್ಟು ಕೊಟ್ಟಿದ್ದರು? ಕೇಳಿ ಬರೆದಿಡಿ.

2. ನಿಮ್ಮ ಊರಿನ ಮೂರು ಅಂಗಡಿಗಳಲ್ಲಿ ಒಂದೇ ಪೆನ್ನಿನ ಮುದ್ರಿತ ಬೆಲೆಯನ್ನೂ ಮಾರುವ ಬೆಲೆಯನ್ನೂ ಹೋಲಿಸಿ. ವ್ಯತ್ಯಾಸವಿದ್ದರೆ ಕಾರಣವನ್ನು ಅಂಗಡಿಯವರಿಂದಲೇ ತಿಳಿಯಿರಿ.

3. ಟಿಳಕವಾಡಿಯ ವೀರಸೌಧಕ್ಕೆ ಭೇಟಿ ಕೊಟ್ಟು, 1924ರ ಅಧಿವೇಶನದ ಬಗ್ಗೆ ಒಂದು ಪುಟದ ಟಿಪ್ಪಣಿ ಬರೆಯಿರಿ. ಯಾವ ಪೆನ್ನಿನಿಂದ ಬರೆದರೂ ಆದೀತು.