ಕೇಡಗಾಂವದ ಛಾಪಖಾನೆ



ಸೋಲಾಪುರದಿಂದ ಪುಣೆಯ ಕಡೆಗೆ ರೈಲಿನಲ್ಲಿ ಹೋಗುವವರಿಗೆ ದೌಂಡ ದಾಟಿದ ಮೇಲೆ ಕೇಡಗಾಂವ ಎಂಬ ಸ್ಟೇಷನ್ ಸಿಗುತ್ತದೆ. ದೊಡ್ಡ ಊರೇನಲ್ಲ. ಆದರೆ ನೂರು ವರ್ಷಗಳ ಹಿಂದೆ ಅಲ್ಲೊಂದು ಛಾಪಖಾನೆ ಇತ್ತು. ಅಲ್ಲಿ ಮೊಳೆ ಜೋಡಿಸುವವರು, ಯಂತ್ರ ನಡೆಸುವವರು, ಹಾಳೆ ಮಡಚಿ ರಟ್ಟು ಕಟ್ಟುವವರು ಎಲ್ಲರೂ ಹೆಣ್ಣುಮಕ್ಕಳು. ಬರಗಾಲದಲ್ಲಿ ತಂದೆತಾಯಿ ಕಳೆದುಕೊಂಡವರು, ಎಳೆ ವಯಸ್ಸಿಗೇ ವಿಧವೆಯರಾದವರು. ಆ ಛಾಪಖಾನೆ ಕಟ್ಟಿದವರು ಪಂಡಿತಾ ರಮಾಬಾಯಿ. ಅವರನ್ನು ಸಮಾಜ ಸುಧಾರಕಿಯೆಂದು ಎಲ್ಲರೂ ಬಲ್ಲರು. ಆದರೆ ಅವರು ಬರೆದ ಪುಸ್ತಕಗಳ ಕಥೆ, ಬರೆದದ್ದನ್ನು ತಾವೇ ಅಚ್ಚು ಹಾಕಿಸಿ ಮಾರಿದ ಕಥೆ, ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ. ಇಂದು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ರಮಾಬಾಯಿಯವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ನಮ್ಮ ಕನ್ನಡ ನಾಡಿನ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು. ಮನೆಮಾತು ಮರಾಠಿ, ಸುತ್ತಲಿನ ಮಾತು ಕನ್ನಡ ಮತ್ತು ತುಳು. ಶಾಸ್ತ್ರಿಗಳು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಅದು ಆ ಕಾಲದಲ್ಲಿ ಸಣ್ಣ ಅಪರಾಧವಲ್ಲ. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಹೆಣ್ಣಿಗೆ ಸಂಸ್ಕೃತ ಕಲಿಸಲು ಶಾಸ್ತ್ರದಲ್ಲಿ ಅಡ್ಡಿಯಿಲ್ಲವೆಂದು ಅವರು ಆಧಾರ ಸಮೇತ ವಾದಿಸಬೇಕಾಯಿತು. ಆ ತಾಯಿಯೇ ಮಗಳಿಗೆ ಗುರುವಾದಳು. ಮಗುವಿಗೆ ಆರು ತಿಂಗಳಾದಾಗ ಕುಟುಂಬ ಕಾಡು ಬಿಟ್ಟು ಯಾತ್ರೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿ ಈ ಮಗುವನ್ನು ಘಟ್ಟ ಇಳಿಸಿದರಂತೆ.

ಆಮೇಲಿನದೆಲ್ಲ ತೀರ್ಥಕ್ಷೇತ್ರಗಳಲ್ಲಿ ಪುರಾಣ ಓದಿ ಹೊಟ್ಟೆ ಹೊರೆದ ಬದುಕು. ಹೀಗೆ ತಿರುಗುತ್ತಲೇ ರಮಾಬಾಯಿ ಭಾಗವತದ 18 ಸಾವಿರ ಶ್ಲೋಕಗಳನ್ನು ಬಾಯಿಪಾಠ ಮಾಡಿದರು. ಕನ್ನಡ, ಹಿಂದುಸ್ತಾನಿ, ಬಂಗಾಲಿ ಮಾತುಗಳೂ ಕಿವಿಯಿಂದಲೇ ಬಂದವು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ನಡೆದು ನಡೆದು 1878ರಲ್ಲಿ ಕಲಕತ್ತೆ ಮುಟ್ಟಿದರು. ಅಲ್ಲಿಯ ವಿದ್ವಾಂಸರು ಈ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಬಿರುದು ಬಂತು, ಆಸರೆ ಬರಲಿಲ್ಲ. 1880ರಲ್ಲಿ ಅಣ್ಣ ಹೋದ. ಅದೇ ವರ್ಷ ಬಂಗಾಲದ ವಕೀಲ ಬಿಪಿನ್ ಬಿಹಾರಿ ಅವರೊಡನೆ ಜಾತಿ ಮೀರಿದ ಮದುವೆಯಾಯಿತು. 1882ರ ಫೆಬ್ರುವರಿಯಲ್ಲಿ ಗಂಡ ಕಾಲರಾದಿಂದ ತೀರಿಹೋದರು. ಇಪ್ಪತ್ಮೂರರ ವಿಧವೆ, ಕಂಕುಳಲ್ಲಿ ಮಗಳು ಮನೋರಮಾ. ಪುಣೆಗೆ ಬಂದರು.

ಅವರ ಮೊದಲ ಪುಸ್ತಕ ಹುಟ್ಟಿದ್ದು ಅಲ್ಲಿ. 1882ರಲ್ಲಿ ಹೊರಬಂದ ‘ಸ್ತ್ರೀಧರ್ಮನೀತಿ’. ಹೆಂಗಸರು ಓದು ಕಲಿಯಬೇಕು, ಆತ್ಮಗೌರವದಿಂದ ಬಾಳಬೇಕು ಎಂಬ ಹಿತವಚನದ ಮರಾಠಿ ಪುಸ್ತಕ. ಆಗ ಅವರು ಇನ್ನೂ ಕ್ರೈಸ್ತರಾಗಿರಲಿಲ್ಲ. ಆ ಪುಸ್ತಕದ ಮರಾಠಿಯಲ್ಲಿ ಸಂಸ್ಕೃತವೇ ಹೆಚ್ಚು. ಯಾರಿಗಾಗಿ ಬರೆದರೋ ಆ ಹೆಂಗಸರಲ್ಲಿ ಎಷ್ಟು ಮಂದಿ ಅದನ್ನು ಸರಾಗವಾಗಿ ಓದಬಲ್ಲವರಿದ್ದರು ಎಂದು ನನಗಂತೂ ಸಂಶಯ. ಆದರೆ ಮಾರಾಟವಾಯಿತು. ಅದರಿಂದ ಬಂದ ಹಣ 1883ರಲ್ಲಿ ಅವರು ಇಂಗ್ಲೆಂಡಿಗೆ ಹೋಗುವ ಹಡಗಿನ ಖರ್ಚಿಗೆ ಒದಗಿತು. ಲೆಕ್ಕದ ಪುಸ್ತಕಗಳ ನಡುವೆ ಆಯುಷ್ಯ ಕಳೆದ ನನ್ನಂಥವನಿಗೆ ಇಲ್ಲಿ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಅವರ ಬದುಕಿನಲ್ಲಿ ಒಂದು ಪುಸ್ತಕ ಬರೀ ಪುಸ್ತಕವಾಗಿ ಉಳಿಯಲಿಲ್ಲ. ಪ್ರತಿಯೊಂದೂ ಮುಂದಿನ ಹೆಜ್ಜೆಯ ಬಂಡವಾಳವಾಯಿತು.

ಇಂಗ್ಲೆಂಡಿನ ವಾಂಟೇಜ್ ಎಂಬಲ್ಲಿ 1883ರ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು. ಊರಲ್ಲಿ ಗದ್ದಲವೆದ್ದಿತು. ಅತ್ತ ಇಂಗ್ಲೆಂಡಿನ ಮಠದ ತಾಯಂದಿರಿಗೂ ಸಮಾಧಾನವಿರಲಿಲ್ಲ. ಯಾಕೆಂದರೆ ಈಕೆ ಹೇಳಿದ್ದನ್ನು ತಲೆಬಾಗಿ ಒಪ್ಪುವವರಲ್ಲ, ನನ್ನ ಅಂತಃಕರಣಕ್ಕೆ ಸರಿಬಂದದ್ದನ್ನು ಮಾತ್ರ ನಂಬುತ್ತೇನೆ ಎನ್ನುವವರು. ಆ ವಾದದ ಪತ್ರಗಳು 1977ರಲ್ಲಿ ಅಚ್ಚಾಗಿವೆ.

1886ರಲ್ಲಿ ಅಮೆರಿಕಕ್ಕೆ ಹೋದರು. ವೈದ್ಯ ಪದವಿ ಪಡೆಯುತ್ತಿದ್ದ ಆನಂದೀಬಾಯಿ ಜೋಶಿಯವರ ಸಮಾರಂಭ ನೋಡಲು ಹೋದವರು ಎರಡು ವರ್ಷಕ್ಕೂ ಮಿಕ್ಕಿ ನಿಂತರು. ಅಲ್ಲಿ 1887ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು: ‘ದಿ ಹೈ ಕಾಸ್ಟ್ ಹಿಂದು ವುಮನ್’. ಮೇಲ್ಜಾತಿಯ ಹಿಂದೂ ಹೆಣ್ಣಿನ ಬಾಲ್ಯವಿವಾಹ, ವೈಧವ್ಯಗಳ ದುಃಖವನ್ನು ತಿಳಿಸುವ ಪುಸ್ತಕ. ದೊಡ್ಡ ಪ್ರಕಾಶಕರ ಬಾಗಿಲು ಕಾಯಲಿಲ್ಲ. ಫಿಲಡೆಲ್ಫಿಯಾದ ಮಹಿಳಾ ವೈದ್ಯ ಕಾಲೇಜಿನ ಡೀನ್ ರೇಚಲ್ ಬಾಡ್ಲಿ ಮುನ್ನುಡಿ ಬರೆದರು. ಗೆಳತಿಯರ ನೆರವಿನಿಂದ, ತಮ್ಮದೇ ಹೊಣೆಯ ಮೇಲೆ ಅಚ್ಚು ಹಾಕಿಸಿ, ಊರೂರು ತಿರುಗಿ ಭಾಷಣ ಮಾಡಿ ಮಾರಿಸಿದರು. ವರ್ಷದೊಳಗೆ ಸುಮಾರು 9 ಸಾವಿರ ಪ್ರತಿ ಹೋದವು. ಆಗಿನ ಕಾಲಕ್ಕೆ, ಪರದೇಶದ ಒಬ್ಬ ಹೆಣ್ಣುಮಗಳ ಪುಸ್ತಕಕ್ಕೆ, ಇದು ಸಾಮಾನ್ಯ ಸಂಖ್ಯೆಯಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಬೋಸ್ಟನ್ನಿನಲ್ಲಿ ರಮಾಬಾಯಿ ಸಂಘ ಹುಟ್ಟಿ, ಹತ್ತು ವರ್ಷ ನೆರವು ಕೊಡುವ ಮಾತು ಕೊಟ್ಟಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ‘ಶಾರದಾ ಸದನ’ ತೆರೆಯಿತು. ವಿಧವೆಯರಿಗೆ ಊಟ, ವಸತಿ, ವಿದ್ಯೆ. ಮರುವರ್ಷ ಅದು ಪುಣೆಗೆ ಬಂತು.

ಹಣ ಕೊಟ್ಟವರು, ಸಲಹೆ ಕೊಡುವವರು ಇದ್ದಲ್ಲಿ ಕಟ್ಟಳೆಯೂ ಇರುತ್ತದೆ. ಸದನದಲ್ಲಿ ಮತಬೋಧನೆ ಕೂಡದೆಂಬುದು ಕರಾರು. ರಮಾಬಾಯಿ ಬೋಧಿಸಲಿಲ್ಲ. ಆದರೆ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು, ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿರಿಯರು ಸಲಹಾ ಸಮಿತಿಯಿಂದ ಹೊರಬಿದ್ದರು. ಪಾಲಕರು ಅನೇಕರು ಮಕ್ಕಳನ್ನು ಕರೆದೊಯ್ದರು. ಯಾರ ಪಕ್ಷ ಸರಿ ಎಂದು ಇಂದು ನ್ಯಾಯ ಹೇಳುವುದು ಸುಲಭವಲ್ಲ. ಪಾಲಕರ ಅಂಜಿಕೆ ಸುಳ್ಳಾಗಿರಲಿಲ್ಲ, ತಾಯಿಯ ಕೋಣೆಯ ಬಾಗಿಲು ಮುಚ್ಚಿರಬೇಕೆನ್ನುವುದೂ ನ್ಯಾಯವಲ್ಲ.

ಇದಕ್ಕೆ ಸ್ವಲ್ಪ ಮೊದಲು ಅವರ ಒಳಗೇ ಒಂದು ಬದಲಾವಣೆ ಆಗಿತ್ತು. ಇಂಗ್ಲಿಷ್ ಪಾದ್ರಿ ವಿಲಿಯಂ ಹಾಸ್ಲಮ್ ಬರೆದ, ಸಾವಿನಿಂದ ಬದುಕಿಗೆ ಬಂದ ಅನುಭವದ ಪುಸ್ತಕವೊಂದು ಅವರ ಕೈಗೆ ಬಂತು. ಅದನ್ನೋದಿ, ನಾನು ಕ್ರಿಸ್ತಧರ್ಮವನ್ನು ಕಂಡೆನೇ ಹೊರತು ಕ್ರಿಸ್ತನನ್ನು ಕಂಡಿರಲಿಲ್ಲ ಎಂದು ಅವರಿಗೆ ಹೊಳೆಯಿತಂತೆ. 1891ರ ಸುಮಾರಿನ ಮಾತು. ಒಬ್ಬರ ಸಾಕ್ಷಿಯ ಪುಸ್ತಕ ಮತ್ತೊಬ್ಬರ ಮನಸ್ಸು ಕಲಕುತ್ತದೆಂಬುದನ್ನು ಸ್ವತಃ ಅನುಭವಿಸಿದ ಇವರು, 1907ರಲ್ಲಿ ತಮ್ಮದೇ ಸಾಕ್ಷಿಯನ್ನು ಬರೆದು ಪ್ರಕಟಿಸಿದರು. ಗಂಗಾಮೂಲದ ಕಾಡು, ಬರದ ಹಸಿವು, ಮನಸ್ಸಿನ ಹೊಯ್ದಾಟ ಎಲ್ಲ ಅದರಲ್ಲಿ ಸರಳವಾಗಿ ಬಂದಿದೆ. ಅಷ್ಟು ಹೊತ್ತಿಗೆ ಅಚ್ಚಿಗೆ ಫಿಲಡೆಲ್ಫಿಯಾಕ್ಕೂ ಹೋಗಬೇಕಿರಲಿಲ್ಲ, ಮುಂಬಯಿಗೂ ಹೋಗಬೇಕಿರಲಿಲ್ಲ. ಪುಸ್ತಕ ಅಚ್ಚಾದದ್ದು ಕೇಡಗಾಂವದಲ್ಲೇ.

ಆ ಛಾಪಖಾನೆ ಬಂದ ಬಗೆ ಹೀಗೆ. 1896-97ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್. ಹಾಗಾಗಿ ಕೇಡಗಾಂವದಲ್ಲಿ ಕೊಂಡಿದ್ದ ಹೊಲದಲ್ಲೇ ಬೀಡುಬಿಟ್ಟರು. ಅದೇ ‘ಮುಕ್ತಿ ಸದನ’. 1900ರ ಗುಜರಾತದ ಬರದ ಹೊತ್ತಿಗೆ ಅಲ್ಲಿದ್ದವರು ಸುಮಾರು 1500 ಮಂದಿ. ಅಷ್ಟು ಜನಕ್ಕೆ ಬರೀ ಅನ್ನ ಹಾಕಿದರೆ ಸಾಲದು, ಕಸುಬು ಬೇಕು. ನೇಯ್ಗೆ, ಎಣ್ಣೆಗಾಣ, ಹೈನು, ಹೊಲಗೆಲಸ, ಜೊತೆಗೆ ಅಚ್ಚಿನ ಕೆಲಸ. ಅಕ್ಷರ ಕಾಣದೆ ಬಂದ ಹುಡುಗಿ ಅಚ್ಚಿನ ಮೊಳೆಯನ್ನು ತಿರುವುಮುರುವಾಗಿ ಓದಬೇಕು. ಆ ಕಷ್ಟ ಬಲ್ಲವರೇ ಬಲ್ಲರು.

ಅಲ್ಲಿ ರಮಾಬಾಯಿಯವರು ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷ ಒಂದೇ ಕೆಲಸಕ್ಕೆ ಕೂತರು: ಇಡೀ ಬೈಬಲನ್ನು ಮರಾಠಿಗೆ ತರುವುದು. ಮರಾಠಿ ಬೈಬಲ್ ಆಗಲೇ ಇತ್ತು. ಆದರೆ ಅದರ ಮಾತು ಪಂಡಿತರ ಮಾತು, ಹಳ್ಳಿಯಿಂದ ಬಂದ ತಮ್ಮ ಹುಡುಗಿಯರಿಗೆ ತಿಳಿಯದು ಎಂಬುದು ಅವರ ದೂರು. ಅದಕ್ಕಾಗಿ ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತು ಮೂಲಕ್ಕೇ ಕೈಹಾಕಿದರು. ಸಂಸ್ಕೃತ ಪದಗಳನ್ನು ಹುಡುಕಿ ಹುಡುಕಿ ತೆಗೆದರು. ‘ಸ್ತ್ರೀಧರ್ಮನೀತಿ’ ಬರೆದ ಅದೇ ಕೈ! ಕೆಲವು ಕಡೆ ಈ ಹಟ ಅತಿಯಾಯಿತು, ವಾಡಿಕೆಯಾದ ಮಾತನ್ನೂ ಬಿಟ್ಟಿದ್ದಾರೆ ಎನಿಸುತ್ತದೆ. ಆದರೂ ಮನೆಯಲ್ಲೊಂದು ಮಾತು, ಶಾಲೆಯ ಪುಸ್ತಕದಲ್ಲಿ ಇನ್ನೊಂದು ಮಾತು ಎಂದು ಬೆಳೆದ ನಮ್ಮಂಥ ಗಡಿಯವರಿಗೆ ಅವರ ಕಳಕಳಿ ಬೇಗ ಅರ್ಥವಾಗುತ್ತದೆ. ಹದಿನೆಂಟು ಸಾವಿರ ಶ್ಲೋಕ ಬಾಯಲ್ಲಿದ್ದವರಿಗೆ ಆ ಮಾತನ್ನು ಪಕ್ಕಕ್ಕಿಡುವುದು ಎಷ್ಟು ಕಷ್ಟವಾಗಿರಬೇಕು, ನೀವೇ ಊಹಿಸಿ.

ಇದೇ ರೈಲುದಾರಿಯಲ್ಲಿ ಸೋಲಾಪುರದ ಆಚೆ, ಆಗ ನಿಜಾಮರ ಸೀಮೆಯಲ್ಲಿದ್ದ ಗುಲಬರ್ಗಾದಲ್ಲೂ ಮುಕ್ತಿಯವರು 1912-13ರ ಹೊತ್ತಿಗೆ ಶಾಲೆ ತೆರೆದರು. ಅದರ ಹೊಣೆ ಮಗಳು ಮನೋರಮಾ ಅವರದು. ಕಾಡಿನಿಂದ ಬುಟ್ಟಿಯಲ್ಲಿ ಹೊರಟ ಮಗುವಿನ ಕೆಲಸ ಹೀಗೆ ಮತ್ತೆ ಕನ್ನಡದ ನೆಲಕ್ಕೆ ಬಂತು. ತಮ್ಮ ನಂತರ ಎಲ್ಲವನ್ನೂ ನೋಡಿಕೊಳ್ಳುತ್ತಾಳೆಂದು ನಂಬಿದ್ದ ಆ ಮಗಳು 1921ರ ಜುಲೈಯಲ್ಲಿ ತೀರಿಕೊಂಡಳು. ತಾಯಿಯ ಕಿವಿ ಆಗ ಮಂದವಾಗಿತ್ತು, ಮೈಯಲ್ಲಿ ಶಕ್ತಿಯಿರಲಿಲ್ಲ. ಬೈಬಲಿನ ಪ್ರೂಫ್ ತಿದ್ದುವುದು ಇನ್ನೂ ಉಳಿದಿತ್ತು. ಅದೊಂದು ಮುಗಿಯುವಷ್ಟು ದಿನ ಕೊಡೆಂದು ದೇವರಲ್ಲಿ ಬೇಡಿಕೊಂಡರೆಂದು ಮುಕ್ತಿಯವರು ಹೇಳುತ್ತಾರೆ. 1922ರ ಏಪ್ರಿಲ್ 5ರಂದು, ಕೆಲಸ ಮುಗಿಸಿ, ರಮಾಬಾಯಿ ಕಣ್ಣುಮುಚ್ಚಿದರು.

ಹುಡುಗಿಯರು ಛಾಪಖಾನೆ ನಿಲ್ಲಿಸಲಿಲ್ಲ. ಅಚ್ಚಿನ ಕೆಲಸ ಪೂರೈಸಿ 1924ರಲ್ಲಿ ಪೂರ್ತಿ ಬೈಬಲ್ ಹೊರತಂದರು. ಚರ್ಚುಗಳಲ್ಲಿ ಬೈಬಲ್ ಸೊಸಾಯಿಟಿಯ ಮರಾಠಿಯೇ ಮುಂದುವರಿಯಿತು. ಇವರದು ಹೆಚ್ಚಾಗಿ ಮುಕ್ತಿಯ ಹೆಣ್ಣುಮಕ್ಕಳ ಕೈಯಲ್ಲೇ ಉಳಿಯಿತು.